ರಾಸಮ್ಮನ ಮನೆಗೆ ಮೊದಲ ಮೊಳೆ

ನನ್ನ ಡ್ರಿಲ್ ಮಷಿನ್ ಆಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಪೀಣ್ಯದಲ್ಲಿ ನಾನು ತೂತು ಕೊರೆಯದ ಗೋಡೆಯಿಲ್ಲ, ಪಕ್ಕದ ಮನೆ ರಾಸಮ್ಮನವರದು ಬಿಟ್ಟು. ಯುದ್ಧದ ಕಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಶ್ರೀಲಂಕಾದ ಜಾಫ್ನಾದಿಂದ ಓಡಿಬಂದವರು. ಇಲ್ಲಿ ನೆಲೆಯೂರೋ ಮನಸ್ಸೇ ಇರಲಿಲ್ಲ. "ಬರೋ ವರ್ಷ ಊರಿಗೆ ಹೋಗ್ತೀವಲ್ಲ ತಂಬಿ, ಮೊಳೆ ಯಾಕೆ?" ಅನ್ನುತ್ತಾ ಇಷ್ಟು ವರ್ಷವಾದರೂ ಟ್ರಂಕು ಪೂರ್ತಿ ಬಿಚ್ಚಿರಲಿಲ್ಲ.

ಈ ಸಲ ನಿಜಕ್ಕೂ ಹೋದರು. ತಿಂಗಳು ತುಂಬೋ ಮೊದಲೇ ವಾಪಸು ಬಂದು ನನ್ನ ಬಾಗಿಲು ತಟ್ಟಿದರು.

"ಮನೆ ಹೇಗಿದೆ ಅಮ್ಮ?"

"ಮನೆ ಇಲ್ಲ, ಬಾವಿ ಮಾತ್ರ ಇದೆ. ಅದರ ಫೋಟೋ ತಂದಿದೀನಿ. ಬೇಗ ಮೊಳೆ ಹೊಡಿ ತಂಬಿ, ಮನಸ್ಸು ಬದಲಾಗೋದ್ರೊಳಗೆ."

ಒಂದೇ ಸಲಕ್ಕೆ ಕೊರೆದು ಮೊಳೆ ಕೂರಿಸಿದೆ. ಅವರು ಬಾವಿಯ ಫೋಟೋ ನೇತುಹಾಕಿ, ಟ್ರಂಕು ಪೂರ್ತಿ ಬಿಚ್ಚಿದರು.

'ಒಂದೇ ಸಲಕ್ಕೆ' ಅನ್ನೋದಷ್ಟೇ ನಾನು ಸೇರಿಸಿದ್ದು. ಉಳಿದ ತೂತುಗಳೆಲ್ಲ ಆ ಬಾವಿಯ ಹಿಂದಿವೆ.