ನಾನು ಜೋಡಿಸಿದ ಎಡಗಾಲಿ

ಸವದತ್ತಿಯ ಯಲ್ಲಮ್ಮ ತಾಯಿಯನ್ನು ನಂಬಿದ ಎಲ್ಲರಿಗೂ ಪುಣೆಯಿಂದ ಶರಣು. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ನಿಗಡಿಯಲ್ಲಿ ನಮ್ಮ ಮನೆ. ಊರಾಚೆಯ ಒಂದು ವಿಮಾನ ತರಬೇತಿ ಶಾಲೆಯಲ್ಲಿ ನಾನು ಹದಿನೆಂಟು ವರ್ಷ ಮೆಕ್ಯಾನಿಕ್ ಆಗಿದ್ದೆ. ಕಳೆದ ಮಾಘ ಮಾಸದ ಒಂದು ಮಂಗಳವಾರ ಬೆಳಿಗ್ಗೆ, ಎರಡೇ ಸೀಟಿನ ಪುಟ್ಟ ವಿಮಾನದ ಎಡಗಡೆಯ ಗಾಲಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿ ಕೊಟ್ಟೆ. ಹತ್ತೂವರೆಗೆ ಸಾನಿಕಾ ಎಂಬ ಹತ್ತೊಂಬತ್ತರ ಹುಡುಗಿ ಅದನ್ನು ಒಬ್ಬಳೇ ಹಾರಿಸಿಕೊಂಡು ಹೋದಳು.

ಅವಳು ಮರಳಿ ಇಳಿಯುವಾಗ ನಾನು ಶೆಡ್ಡಿನ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದೆ. ಗಾಲಿ ನೆಲ ಮುಟ್ಟಿದ್ದೇ ತಡ, ನೇರ ಓಡಬೇಕಾದ ವಿಮಾನ ಎಡಕ್ಕೆ ಎಳೆಯಿತು. ಅವಳು ಬಲಕ್ಕೆ ತಿರುಗಿಸಲು ಹೆಣಗಿದಳು. ಬಾಲ ಅತ್ತಿತ್ತ ಹೊಯ್ದಾಡಿತು. ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿ, ಗರ್ರನೆ ತಿರುಗಿ, ರೆಕ್ಕೆ ನೆಲಕ್ಕೆ ಬಡಿದು ಚರಂಡಿಯ ಅಂಚಿನಲ್ಲಿ ವಾಲಿ ನಿಂತಿತು.

ಚಹಾದ ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ, ಓಡಿದೆ. ಓಡುತ್ತಾ ಬೇಡಿಕೊಂಡದ್ದನ್ನು ನಿಮ್ಮಿಂದ ಮುಚ್ಚಿಡಲಾರೆ: "ಯವ್ವಾ, ಇದು ನನ್ನ ತಪ್ಪು ಆಗದಂಗ ನೋಡು." ಹುಡುಗಿಯ ನೆನಪೇ ಆಗಲಿಲ್ಲ. ಹತ್ತಿರ ಹೋದರೆ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಅವಳ ತಲೆ ಮುಂದಕ್ಕೆ ಜೋತುಬಿದ್ದಿತ್ತು. ಬಾಗಿಲು ಕಚ್ಚಿಕೊಂಡು ಅಲುಗಲೇ ಇಲ್ಲ. ಆಗ ಬೇರೆಯೇ ಮಾತು ಬಾಯಿಗೆ ಬಂತು: "ತಾಯೀ, ಏನಿದ್ರೂ ನನ್ನ ತಲಿಮ್ಯಾಲೆ ಹಾಕು. ಈ ಕೂಸಿನ್ನ ಉಳಸು." ಮತ್ತೆ ಜಗ್ಗಿದೆ. ಬಾಗಿಲು ಕೈಗೇ ಕಿತ್ತುಬಂತು.

ಹುಲ್ಲಿನ ಮೇಲೆ ಮಲಗಿಸಿದಾಗ ಸಾನಿಕಾ ಕಣ್ಣು ಬಿಟ್ಟಳು. "ಕಾಕಾ, ಮಾಝಂ ಚುಕಲಂ ಕಾ?" ಎಂದಳು. ನನ್ನಿಂದ ತಪ್ಪಾಯಿತೇ ಎಂದು ಕೇಳುತ್ತಿದ್ದಳು. ನನ್ನ ಕಣ್ಣು ಎಡಗಾಲಿಯ ಕಡೆ ಹೋಯಿತು.

ಆಸ್ಪತ್ರೆಯಲ್ಲಿ ಭುಜದ ಎಲುಬು ಮುರಿದಿದೆ, ಜೀವಕ್ಕೆ ಅಪಾಯವಿಲ್ಲ ಎಂದರು. ಆದರೆ ಹೊರಗೆ ನಮ್ಮ ಶಾಲೆಯವರೆಲ್ಲ "ಹುಡುಗಿ ಬ್ರೇಕ್ ಜೋರಾಗಿ ಒತ್ತಿರಬೇಕು" ಎನ್ನುತ್ತಿದ್ದರು. ಆಸ್ಪತ್ರೆಯಿದ್ದ ಶಿವಾಜಿನಗರದಿಂದ ಮನೆಗೆ ಬಸ್ಸು ಹತ್ತಿದವನಿಗೆ, ಇಳಿಯಬೇಕಾದ ನಿಗಡಿ ದಾಟಿಹೋದದ್ದೂ ತಿಳಿಯಲಿಲ್ಲ.

ಮನೆಯಲ್ಲಿ ಹೆಂಡತಿ ಶಾಂತಾಳಿಗೆ ಹೇಳಿದೆ: "ಬೋಲ್ಟ್ ಸಡಿಲ ಆಗಬಾರದು ಅಂತ ತಂತಿ ಬಿಗೀತೀವಿ. ಒಂದಕ್ಕ ಬಿಗಿದದ್ದು ನೆನಪಾಗವಲ್ದು."

ಅವಳೆಂದಳು: "ಹಂಗಂದ್ರ ನೀವ ಹೋಗಿ ಹೇಳ್ರಿ. ಆ ಹುಡುಗಿ ಮ್ಯಾಲ ತಪ್ಪು ಬರೂದು ಬ್ಯಾಡ."

ಮರುದಿನ ಗಾಲಿ ಬಿಚ್ಚುವ ಮೊದಲೇ ಮುಖ್ಯ ಇಂಜಿನಿಯರಿಗೆ ಹೇಳಿದೆ. ಬಿಚ್ಚಿ ನೋಡಿದರೆ ತಂತಿ ಇರಲಿಲ್ಲ. ಬೋಲ್ಟ್ ಸಡಿಲಾಗಿ ಬ್ರೇಕ್ ಗಾಲಿಯನ್ನು ಕಚ್ಚಿ ಹಿಡಿದಿತ್ತು. ಅಂದೇ ನನ್ನನ್ನು ಕೆಲಸದಿಂದ ನಿಲ್ಲಿಸಿದರು.

ಇದರಲ್ಲಿ ತಾಯಿಯ ಕೃಪೆ ಎಲ್ಲಿ ಬಂತು ಎಂದು ನೀವು ಕೇಳಬಹುದು. ನಾನೂ ಎರಡು ದಿನ ದಿಕ್ಕುಗೆಟ್ಟು ಕುಳಿತಿದ್ದೆ. ಮೂರನೆಯ ದಿನ ಸಾನಿಕಾಳ ತಂದೆಯ ಫೋನ್ ಬಂತು. ಬೈಗುಳಕ್ಕೆ ಸಿದ್ಧನಾಗಿಯೇ ಎತ್ತಿದೆ. "ತಪ್ಪು ತನ್ನದಲ್ಲ ಎಂದು ಗೊತ್ತಾದ ಮೇಲೆ ಮಗಳು ಊಟ ಮಾಡಿದಳು. ಮತ್ತೆ ಹಾರುತ್ತೇನೆ ಎನ್ನುತ್ತಿದ್ದಾಳೆ" ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟರು.

ಅಂದು ನಾನು ಎರಡು ಪ್ರಾರ್ಥನೆ ಮಾಡಿದ್ದೆ. ತಾಯಿ ಎರಡನೆಯದನ್ನೇ ಕೇಳಿಸಿಕೊಂಡಿದ್ದಳು, ಒಂದಕ್ಷರವೂ ಬಿಡದೆ.

ಬರುವ ಹುಣ್ಣಿಮೆಗೆ ನಾನೂ ಶಾಂತಾಳೂ ಪುಣೆಯ ಕಾತ್ರಜದಲ್ಲಿ ಬಸ್ಸು ಹಿಡಿದು ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೇವೆ. ಕೆಲಸ ಮರಳಿ ಕೊಡು ಎಂದು ಕೇಳಲು ಅಲ್ಲ. ಹುಡುಗಿ ಬದುಕಿದ್ದಾಳೆ, ಅವ್ವಾ, ಎಂದು ಹೇಳಿ ಅಡ್ಡಬಿದ್ದು ಬರಲು.