ಚೀಟಿಯ ಮೇಲಿಟ್ಟ ಕೈ

ಅಜ್ಜಾವರದ ನಮ್ಮ ಬೈಲಿನಿಂದ ಸುಳ್ಯಕ್ಕೆ ಹೊರಟವರು ಅಕ್ಕಪಕ್ಕದ ಮನೆಯವರ ಮದ್ದಿನ ಚೀಟಿ ಹಿಡಿದೇ ಬಸ್ಸು ಹತ್ತಬೇಕು. ಹೆಚ್ಚಾಗಿ ಹೋಗುವವಳು ಝುಲೈಖಕ್ಕ. ಅವಳ ಗಂಡ ಮೂಸಕುಂಞಿಯವರಿಗೆ ಕ್ಯಾನ್ಸರ್. ನೋವಿನ ಮಾತ್ರೆ ತರಲು ಅವಳು ಪೇಟೆಗೆ ಹೋಗಲೇಬೇಕು. ಹೊರಡುವ ಮುಂಚೆ ಪ್ರತಿ ಬೇಲಿಯ ಬಳಿ ನಿಂತು ಕರೆಯುತ್ತಾಳೆ, "ಚೀಟಿ ಉಂಟಾ?" ಯಾರಿಗೆ ಬಿಪಿ, ಯಾರಿಗೆ ಸಕ್ಕರೆ, ಯಾರಿಗೆ ಮೂಲವ್ಯಾಧಿ, ಎಲ್ಲ ಅವಳಿಗೆ ಗೊತ್ತು. ಒಬ್ಬರದ್ದು ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ. ಒಂದು ಮನೆಯಲ್ಲಿ ಒಗ್ಗರಣೆ ಸೀದರೆ ಊರಿಗೆಲ್ಲ ಸುದ್ದಿಯಾಗುವ ನಮ್ಮ ಬೈಲಿನಲ್ಲಿ ಇದು ಪವಾಡವೇ.

ನನ್ನ ಚೀಟಿಯೂ ಅವಳ ಕೈಯಲ್ಲೇ. ಹೆರಿಗೆಯಾದ ಮೇಲೆ ನನ್ನ ನಿದ್ದೆ ಹಾರಿತು, ನಗು ಹೋಯಿತು, ಬಾವಿಕಟ್ಟೆಯ ಹತ್ತಿರ ಹೋಗಲು ಹೆದರಿಕೆಯಾಗತೊಡಗಿತು. ಮನಸ್ಸಿನ ಡಾಕ್ಟರ ಬಳಿ ಕರೆದುಕೊಂಡು ಹೋದವಳು ಅವಳೇ. ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಮಗುವನ್ನು ನನ್ನ ಕೈಗೆ ಕೊಡುವುದಿಲ್ಲವೇನೋ ಎಂಬ ಭಯ.

ಒಂದು ದಿನ ನಾದಿನಿ ಭವಿತಾಳ ಜೊತೆ ಬಟ್ಟೆ ಕೊಳ್ಳಲು ನಾನೂ ಸುಳ್ಯಕ್ಕೆ ಹೋಗಿದ್ದೆ. ಅವಳೆದುರು ಚೀಟಿ ತೆಗೆಯುವ ಹಾಗಿರಲಿಲ್ಲ. ಬೆಳಿಗ್ಗೆಯೇ ಝುಲೈಖಕ್ಕನಿಗೆ ಕೊಟ್ಟಿದ್ದೆ. ಭವಿತಾಳ ತಲೆನೋವಿಗೆ ಮಾತ್ರೆ ಬೇಕೆಂದು ಮೆಡಿಕಲ್ಲಿಗೆ ಹೊಕ್ಕರೆ ಒಳಗೆ ಜನ ಸೇರಿದ್ದಾರೆ, ಅವರ ನಡುವೆ ಝುಲೈಖಕ್ಕ. ಮದ್ದು ಕೊಡಲು ಹೊಸದಾಗಿ ಬಂದವನು ರಕ್ಷಿತ್. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ.

"ಎರಡು ಚೀಟಿ, ಎರಡು ಹೆಸರು. ಎರಡೂ ಮತ್ತು ಬರುವ ಮಾತ್ರೆ. ಇದನ್ನು ಹುಡುಗರಿಗೆ ಮಾರುದಾ ನೀವು?"

"ಒಂದು ನನ್ನ ಗಂಡನದ್ದು. ಆಸ್ಪತ್ರೆ ಕಾಗದ ಉಂಟು, ನೋಡಿ," ಎಂದಳು ಝುಲೈಖಕ್ಕ.

"ಇನ್ನೊಂದು ಯಾರದ್ದು? ಎಂತ ಕಾಯಿಲೆ? ಡಾಕ್ಟ್ರು ಫೋನ್ ತೆಗೀತಾ ಇಲ್ಲ. ನೀವು ಹೇಳದಿದ್ರೆ ಯಾವುದೂ ಕೊಡುದಿಲ್ಲ. ಪೊಲೀಸರಿಗೆ ಹೇಳುದೇ."

ಹೆಸರು ಗಟ್ಟಿಯಾಗಿ ಓದಲು ಅವನು ಚೀಟಿಗೆ ಕೈ ಹಾಕುವಷ್ಟರಲ್ಲಿ ಝುಲೈಖಕ್ಕ ನನ್ನನ್ನೂ ಭವಿತಾಳನ್ನೂ ಕಂಡಳು. ಗುರುತೇ ಇಲ್ಲದವಳಂತೆ ಕಣ್ಣು ತಿರುಗಿಸಿ, ಚೀಟಿಯ ಮೇಲೆ ಅಂಗೈ ಊರಿದಳು.

"ಕಳ್ಳಿ ಅಲ್ಲದಿದ್ರೆ ಮುಚ್ಚುದು ಎಂತಕ್ಕೆ ಮಾರಾಯ್ರೆ," ಎಂದು ಗುಂಪಿನಲ್ಲಿ ಯಾರೋ ನಕ್ಕರು.

ನನ್ನ ಕಡೆ ಬೆರಳು ತೋರಿಸಿದ್ದರೆ ಅವಳ ಕಷ್ಟ ಅಲ್ಲಿಗೆ ಮುಗಿಯುತ್ತಿತ್ತು. ಮನೆಯಲ್ಲಿ ಅವಳ ಗಂಡ ಹಲ್ಲು ಕಚ್ಚಿ ಮಲಗಿದ್ದಾರೆ, ಡಬ್ಬಿಯಲ್ಲಿ ಒಂದು ಮಾತ್ರೆಯೂ ಉಳಿದಿಲ್ಲ. ಆದರೂ ಆ ಕೈ ಕದಲಲಿಲ್ಲ. ಹೆತ್ತ ತಾಯಿಯೂ ನನ್ನನ್ನು ಹೀಗೆ ಕಾಯುತ್ತಿದ್ದಳೋ ಇಲ್ಲವೋ.

"ಕೈ ತೆಗಿ ಝುಲೈಖಕ್ಕ. ಅದು ನನ್ನ ಚೀಟಿ," ಎಂದೆ. ಮತ್ತೆ ರಕ್ಷಿತನ ಕಡೆ ತಿರುಗಿದೆ. "ಪ್ರೇಮಾವತಿ ಅಂದ್ರೆ ನಾನು. ಮನಸ್ಸಿಗೆ ಮದ್ದು ತಗೊಳ್ತೇನೆ. ಇನ್ನೆಂತ ಗೊತ್ತಾಗ್ಬೇಕು ನಿಮಗೆ?"

ಭವಿತಾ ನನ್ನ ಮುಖವನ್ನೇ ನೋಡಿದಳು. ನನ್ನ ಕೈಯನ್ನು ಹಿಡಿದುಕೊಂಡಳು. ರಕ್ಷಿತ್ ನನ್ನ ಆಧಾರ್ ಕಾರ್ಡು ನೋಡಿ, ತಲೆ ತಗ್ಗಿಸಿ ಎರಡೂ ಚೀಟಿಯ ಮಾತ್ರೆ ಕಟ್ಟಿದ. ಮೆಲ್ಲಗೆ "ಸಾರಿ" ಎಂದ.

"ಕೇಳಿದ್ದು ತಪ್ಪಲ್ಲ ಮಗಾ, ಕೇಳ್ಲೇಬೇಕು," ಎಂದಳು ಝುಲೈಖಕ್ಕ. "ಮುಂದಿನ ಸಲ ಒಳಗೆ ಕರ್ದು ಕೇಳು."

ಊರಿಗೆ ಮರಳಿ ಅವಳ ಮನೆಯವರೆಗೂ ಜೊತೆಗೆ ಹೋದೆ. ಜಗಲಿಯಲ್ಲಿ ಮೂಸಕುಂಞಿಯವರು ಮಂಚದ ಅಂಚನ್ನು ಬಿಗಿಯಾಗಿ ಹಿಡಿದು ಮಲಗಿದ್ದರು. ಪೇಟೆಯಲ್ಲಿ ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ಝುಲೈಖಕ್ಕ ನೀರಿನ ಲೋಟ ತಂದು ಮಾತ್ರೆ ಬಿಡಿಸಿದಳು. ಅದನ್ನು ಬಾಯಿಗೆ ಹಾಕಿಕೊಳ್ಳುವ ಮೊದಲು ಅವರು ತಲೆಯೆತ್ತಿ ಕೇಳಿದರು.

"ಎಲ್ಲರದ್ದೂ ಸಿಕ್ಕಿತಾ?"