ಟೆಸ್ಟಿಂಗಿಗೆ ಹಚ್ಚುವ ಹಾಡು

ಯಡ್ರಾಮಿಯ ಮೈಕ್ ಸೆಟ್ಟಿನ ದಾವಲಸಾಬ ಅಂದರೆ ಜೇವರ್ಗಿ ತಾಲೂಕಿನಾಗ ಗೊತ್ತಿಲ್ಲದವರು ಕಡಿಮಿ. ಮದುವಿ, ಕುಬಸ, ತೊಟ್ಟಿಲು, ಎಲ್ಲದಕ್ಕೂ ಕಂಬಕ್ಕ ಕಟ್ಟುವ ಲೌಡ್‌ಸ್ಪೀಕರಿನ ಭೋಂಗಾ ಅವನದೇ. ಆದರ ಅವನ ಜೀವ ಎಲ್ಲಿತ್ತು ಅಂಬೋದು ಯಾರಿಗೆ ಗೊತ್ತಿತ್ತು ಹೇಳ್ರಿ?

ಎಪ್ಪತ್ಮೂರರಾಗ ಹೊಸ ರೆಕಾರ್ಡು ತರಲಿಕ್ಕೆ ಸೊಲ್ಲಾಪುರಕ್ಕ ಹೋದಾಗ ಅಂಗಡಿಯವ ಮೂಲ್ಯಾಗ ಧೂಳು ತಿನ್ನುತ್ತಿದ್ದ ಒಂದು ರೆಕಾರ್ಡು ಕೈಗಿಟ್ಟ. 'ಮುಂಬೈದ ನಾಲ್ಕು ಹುಡುಗರು ಮಾಡ್ಯಾರ, ರಾಕ್ ಅಂತಾರ ಇದಕ್ಕ. ಎಂಟು ಹಾಡದಾವ. ಒಬ್ಬರೂ ಒಯ್ಯವಲ್ಲರು, ನೀವರ ಒಯ್ರಿ.' ಹಚ್ಚಿ ನೋಡಿದ. ಮೊದಲು ಗಿಟಾರು ಒಂದೇ, ಯಾರನ್ನೋ ಹುಡುಕಿದಂಗ. ಆಮೇಲೆ ಡ್ರಮ್ಮು ಬಂದು ಕೂಡಿಕೊಂಡಿತು. ಮಾತೆಲ್ಲ ಇಂಗ್ಲಿಷಿನವು, ಒಂದೂ ತಿಳೀಲಿಲ್ಲ. ತಿಳೀದಿದ್ದರೂ ಮತ್ತೊಮ್ಮೆ ಮೊದಲಿಂದ ಹಚ್ಚಿ ಕೇಳಿ, ರೊಕ್ಕ ಕೊಟ್ಟು ಒಯ್ದ.

ಮದುವ್ಯಾಗ ಹಚ್ಚಿದರೆ ಹಿರ್ಯಾರು ಬೈದರು. 'ಏ ದಾವಲ್ಯಾ, ಬಂದ್ ಮಾಡಲೇ, ತಲಿ ಚಿಟ್ಟು ಹಿಡೀತು.' ಆವಾಗ ಅವ ಒಂದು ಉಪಾಯ ಮಾಡಿದ. ಭೋಂಗಾ ಕಟ್ಟಿ ಟೆಸ್ಟಿಂಗ್ ಮಾಡುವಾಗ ಇದನ್ನೇ ಹಚ್ಚುವುದು. ಟೆಸ್ಟಿಂಗಿಗೆ ಯಾರು ತಕರಾರು ತೆಗೀತಾರ? ಅದೂ ಅರ್ಧ ನಿಮಿಷ, ಡ್ರಮ್ಮು ಬರುವತನಕ ಅಷ್ಟೇ. ಅಷ್ಟರಾಗ 'ಹಾಡು ಹಚ್ಚೋ' ಅಂತ ಕೂಗು ಬರುತ್ತಿತ್ತು. ಆಷಾಢದಾಗ ಮದುವಿ ಇರಂಗಿಲ್ಲ. ಆವಾಗ ವರ್ಷಕ್ಕೊಮ್ಮೆ ಕದ ಹಾಕಿಕೊಂಡು ಎಂಟೂ ಹಾಡು ಪೂರಾ ಕೇಳುತ್ತಿದ್ದ. ನನ್ನ ಸಂಗಡ ಕುಂತು ಪೂರಾ ಕೇಳವರು ಒಬ್ಬರರ ಸಿಗಲಿ ಅನ್ನುವುದೊಂದೇ ಅವನ ಆಸೆ. ಇಪ್ಪತ್ತು ವರ್ಷ ದಾಟಿದರೂ ಯಾರೂ ಸಿಗಲಿಲ್ಲ.

ತೊಂಬತ್ತೈದರಾಗ ಕೊಳಕೂರದ ಬಾಳಮ್ಮನ ಮಗಳ ಮದುವಿ. ದಾವಲಸಾಬ ಹಂದರದ ಕಂಬಕ್ಕ ಭೋಂಗಾ ಕಟ್ಟಿ, ರೂಢಿಯಂತೆ ರೆಕಾರ್ಡಿನ ಮ್ಯಾಲ ಮುಳ್ಳು ಇಟ್ಟ. ಗರಗರ ಅಂತ ಸಪ್ಪಳ, ಗಿಟಾರೇ ಇಲ್ಲ. ಸಾವಿರ ಸಲ ಉಜ್ಜಿ ಉಜ್ಜಿ, ವರ್ಷದಿಂದ ವರ್ಷಕ್ಕ ಮಸುಕಾಗುತ್ತ ಬಂದ ಆ ಅರ್ಧ ನಿಮಿಷ ಈಗ ಪೂರಾ ಸವೆದು ಹೋಗಿತ್ತು. ಒರೆಸಿ ಮತ್ತೊಮ್ಮೆ ಇಟ್ಟ, ಅದೇ ಗರಗರ. ಮುಳ್ಳು ಎತ್ತಿಬಿಟ್ಟ.

ಬಾಳಮ್ಮ ಅರಿಶಿಣದ ಕೈಯಾಗೇ ಬಂದಳು. 'ಯಾಕ ತೆಗದ್ರಿ ದಾವಲಣ್ಣಾ? ನನ್ನ ಮದುವ್ಯಾಗೂ ಇದನ್ನೇ ಹಚ್ಚಿದ್ರಿ, ಆಮೇಲೂ ಯಾರ ಮದುವಿಗೆ ಹೋದರೂ ಇದನ್ನೇ ಕೇಳೀನಿ. ಮುಂದ ಏನದ ಅಂತ ಇಪ್ಪತ್ತೊಂದು ವರ್ಷದಿಂದ ಕೇಳಬೇಕಂತೇನಿ. ಹೆಣ್ಮಗಳು ಹೆಂಗ ಕೇಳಲಿ ಅಂತ ಸುಮ್ಮನಿದ್ದೆ.'

'ಮೊದಲಿಂದು ಸವದದ ತಂಗಿ. ಮೊದಲಿಲ್ಲದ ಮುಂದಿಂದು ಏನ್ ಕೇಳ್ತಿ?'

'ಮೊದಲಿಂದು ನನಗ ಬರ್ತದ,' ಅಂದಳು.

ಅಲ್ಲೇ ಜಮಖಾನದ ತುದಿಗೆ ಕುಂತು, ತುಟಿ ಮುಚ್ಚಿ ಗುನುಗಿದಳು. ಒಂದು ಸ್ವರವೂ ತಪ್ಪಲಿಲ್ಲ. ಡ್ರಮ್ಮು ಬರುವ ಜಾಗಕ್ಕ ಬಂದಾಗ ದಾವಲಸಾಬ ಮುಳ್ಳು ಇಳಿಸಿದ. ಅಲ್ಲಿಂದ ಮುಂದ ರೆಕಾರ್ಡು ಹೊಸದರಂಗೇ ಇತ್ತು.

'ಟೆಸ್ಟಿಂಗ್ ಇನ್ನೂ ಮುಗೀಲಿಲ್ಲೇನೋ?' ಅಂತ ಹಂದರದಾಗಿಂದ ಯಾರೋ ಕೂಗಿದರು. ದಾವಲಸಾಬ ತಿರುಗಿ ನೋಡಲಿಲ್ಲ. ಹಾಡು ಮುಗಿಯುವತನಕ ಬಾಳಮ್ಮನೂ ಏಳಲಿಲ್ಲ.